ನಿಂತು ಕೇಳುವ ರಾಜ

ನನ್ನ ರಾಜ್ಯದಲ್ಲಿ ಆರೋಪ ಹೊತ್ತವರು ಕೂತಿರಬೇಕು, ರಾಜ ನಿಂತಿರಬೇಕು. ನಾನು ಬರೆದ ಮೊದಲ ಕಾನೂನು ಇದು. ಆಗ ನನಗೆ ಹದಿಮೂರು ವರ್ಷ. ಈ ಕಾನೂನು ಹುಟ್ಟಿದ್ದು ಅಪ್ಪನ ಮೇಲಿನ ಸಿಟ್ಟಿನಿಂದ. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಮರೆತು ದೊಡ್ಡವಳಾದ ಹಾಗೆ ಸೋಗು ಹಾಕಿಕೊಂಡು ಬರೆಯುವುದು ನನ್ನಿಂದ ಆಗುವ ಕೆಲಸವಲ್ಲ.

ಅಹಮದಾಬಾದಿನ ಮಣಿನಗರದಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ನಮ್ಮ ಹೋಟೆಲು. ಉಡುಪಿ ಕಡೆಯಿಂದ ಬಂದವರು ಗುಜರಾತಿನಲ್ಲಿ ಇಟ್ಟ ಬೇರೆ ಹೋಟೆಲುಗಳ ಹಾಗೆಯೇ ಇತ್ತು ಅದು. ಬಾಗಿಲ ಪಕ್ಕದಲ್ಲಿ ಗಲ್ಲಾ, ಗಲ್ಲಾದ ಹಿಂದೆ ಎತ್ತರದ ಕುರ್ಚಿ, ಕುರ್ಚಿಯ ಮೇಲೆ ಅಪ್ಪ, ಅಪ್ಪನ ತಲೆಯ ಮೇಲೆ ಊರ ದೇವರ ಪಟ, ಪಟಕ್ಕೆ ಹಗಲೂ ಉರಿಯುವ ಸಣ್ಣ ಕೆಂಪು ಬಲ್ಬು. ನಮ್ಮ ಮನೆ ಹೋಟೆಲಿನ ಮಹಡಿಯಲ್ಲಿ. ಶಾಲೆ ಬಿಟ್ಟ ಮೇಲೆ ನಾನು ಮಹಡಿಗೆ ಹೋಗದೆ ಕೆಳಗೇ, ಕೈ ತೊಳೆಯುವ ಬೇಸಿನ್ನಿನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದೆ. ಆ ಮೇಜಿಗೆ ಗಿರಾಕಿಗಳು ಬರುತ್ತಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಊಟದ ಗದ್ದಲ ಇಳಿದ ಮೇಲೆ ಅಪ್ಪನ ದರ್ಬಾರು ಶುರುವಾಗುತ್ತಿತ್ತು. ಒಬ್ಬನ ಬನಿಯನ್ನು ಇನ್ನೊಬ್ಬ ಹಾಕಿಕೊಂಡಿದ್ದಾನೆ, ಹಾಲು ಒಡೆದದ್ದು ಯಾರ ಅಜಾಗರೂಕತೆಯಿಂದ, ಗಿರಾಕಿಯ ಎದುರು ಯಾರು ಯಾರನ್ನು ಬೈದರು, ಹೀಗೆ ಎಲ್ಲ ದೂರುಗಳೂ ಗಲ್ಲಾದ ಮುಂದೆ ಬರುತ್ತಿದ್ದವು. ಅಪ್ಪ ಕುರ್ಚಿಯಿಂದ ಏಳುತ್ತಿರಲಿಲ್ಲ. ದೂರು ತಂದವನ ಮಾತು ಕೇಳಿ ಮುಗಿಸುವ ಹೊತ್ತಿಗೆ ಅವರ ತೀರ್ಮಾನ ಮುಗಿದಿರುತ್ತಿತ್ತು. ಇನ್ನೊಬ್ಬ ಬಾಯಿ ತೆರೆದರೆ, "ಅಧಿಕಪ್ರಸಂಗ ಬೇಡ, ಪಟ ಮುಟ್ಟಿ ಹೇಳು," ಅನ್ನುತ್ತಿದ್ದರು. ಮುಟ್ಟಿ ಹೇಳಿದರೆ ಬಚಾವು, ಹಿಂದೆಮುಂದೆ ನೋಡಿದರೆ ಅಪರಾಧಿ. ನಮ್ಮ ಕಡೆಯ ಜನ ಪೊಲೀಸಿಗೆ ಹೆದರದಿದ್ದರೂ ದೇವರ ಆಣೆಗೆ ಹೆದರುತ್ತಾರೆ. ಊರಿನಿಂದ ಸಾವಿರ ಮೈಲಿ ದೂರ ಬಂದರೂ ಆ ಹೆದರಿಕೆ ಅವರ ಜೊತೆಗೇ ಬರುತ್ತದೆ. ಅಪ್ಪನಿಗೆ ಅದು ಗೊತ್ತಿತ್ತು. ವಿಚಾರಣೆಯ ಶ್ರಮವೇ ಇಲ್ಲದ ನ್ಯಾಯ ಅದು, ಅವರಿಗೆ ಬಹಳ ಅನುಕೂಲವಾಗಿತ್ತು.

ಆ ಹೋಟೆಲಿನಲ್ಲಿ ನನಗೆ ಬೇಕಾದ ಮನುಷ್ಯ ಒಬ್ಬರೇ. ದೊಡ್ಡ ಅಡಿಗೆಯವರು. ನಮ್ಮಲ್ಲಿ ಹೋಟೆಲಿನ ಅಡಿಗೆಯವರನ್ನು ಭಟ್ಟರು ಅನ್ನುವುದು ರೂಢಿ, ನಾನೂ ಹಾಗೇ ಕರೆಯುತ್ತಿದ್ದೆ. ಅಪ್ಪ ಹೋಟೆಲು ತೆರೆದ ದಿನ ಮೊದಲ ಇಡ್ಲಿ ಬೇಯಿಸಿದವರು ಅವರು. ನಾನು ಹುಟ್ಟಿದಾಗ ಅಮ್ಮನಿಗೆ ಬಾಣಂತಿಯ ಊಟ ಮಾಡಿ ಮಹಡಿಗೆ ಕಳಿಸಿದವರೂ ಅವರೇ. ಮದುವೆಯಾಗಿರಲಿಲ್ಲ, ಊರಿನಲ್ಲಿ ತಮ್ಮವರೆಂದು ಯಾರೂ ಉಳಿದಿರಲಿಲ್ಲ. ಅಡಿಗೆಮನೆಯ ಹಿಂದಿನ ಕೋಣೆಯೇ ಅವರ ಮನೆ. "ನಂಗೆ ಇನ್ನು ಊರೆಂತ ಊರು ಮಗಾ, ಈ ಒಲೆಯ ಎದುರೇ ಮುಗಿದ್ರೆ ಸಾಕು," ಅನ್ನುತ್ತಿದ್ದರು. ಆಗಲೇ ಅವರಿಗೆ ಅರವತ್ತು ದಾಟಿತ್ತು.

ನನಗೆ ಕನ್ನಡ ಓದಲು ಕಲಿಸಿದವರು ಅವರು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಗುಜರಾತಿ. ನನ್ನ ಬಾಯಲ್ಲಿ ಕನ್ನಡ ಕುಂಟುತ್ತಿತ್ತು. ಊರಿನಿಂದ ಯಾರಾದರೂ ಕೆಲಸಕ್ಕೆ ಮರಳಿ ಬರುವಾಗ ಮಕ್ಕಳ ಮಾಸಪತ್ರಿಕೆಯ ನಾಲ್ಕೈದು ಸಂಚಿಕೆಗಳನ್ನು ಒಟ್ಟಿಗೆ ತರುತ್ತಿದ್ದರು. ಭಟ್ಟರು ತೆಂಗಿನಕಾಯಿ ತುರಿಯುತ್ತ ಕೇಳುತ್ತಿದ್ದರು, ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ. ಅದರಲ್ಲಿ ಏಳು ಬೆಟ್ಟಗಳಾಚೆಯ ರಾಜನೊಬ್ಬನ ಧಾರಾವಾಹಿ ಬರುತ್ತಿತ್ತು. ಆ ರಾಜನ ಸಿಂಹಾಸನದ ಮುಂದೆ ಒಂದು ಕರೀ ಕಲ್ಲು. ಆರೋಪ ಬಂದವರು ಕಲ್ಲಿನ ಮೇಲೆ ಅಂಗೈ ಇಡಬೇಕು. ಸುಳ್ಳು ಹೇಳಿದರೆ ಕೈ ಅಂಟಿಕೊಳ್ಳುತ್ತದೆ, ಸೈನಿಕರು ಬಂದು ಎಳೆದುಕೊಂಡು ಹೋಗುತ್ತಾರೆ. ಒಂದು ಕಂತಿನಲ್ಲಿ ತೋಟದ ಹೆಂಗಸೊಬ್ಬಳ ಮೇಲೆ ರಾಣಿಯ ಬಂಗಾರದ ಹಕ್ಕಿಯನ್ನು ಹಾರಿಬಿಟ್ಟಳೆಂಬ ಆರೋಪ ಬಂತು. ಅವಳು ನಡುಗುತ್ತ ಕೈ ಚಾಚಿದಳು, ಅಲ್ಲಿಗೆ ಕಂತು ಮುಗಿಯಿತು. ಆಮೇಲೆ ಪತ್ರಿಕೆ ಬರಲೇ ಇಲ್ಲ. ಊರಲ್ಲಿ ಚಂದಾ ಕಟ್ಟುತ್ತಿದ್ದವರು ನಿಲ್ಲಿಸಿದ್ದರಂತೆ.

ಎರಡು ತಿಂಗಳು ಕಾದೆವು. ಅವಳ ಕೈ ಗಾಳಿಯಲ್ಲೇ ಇತ್ತು. ಕೊನೆಗೆ ಭಟ್ಟರು, "ನೀನೇ ಬರಿ ಮಾರಾಯ್ತಿ. ಅಲ್ಲಿ ಬರೆಯುವವ್ರೂ ಮನುಷ್ಯರೇ ಅಲ್ವಾ?" ಅಂದರು. ಬೇರೆಯವರ ಕಥೆಯನ್ನು ಹೀಗೆ ತಾನೇ ಮುಂದುವರಿಸುವುದಕ್ಕೆ ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಪಾಲಿಗೆ ಅದು 'ಮುಂದಿನ ಕಂತು', ಅಷ್ಟೇ.

ಮೊದಲ ಕಂತಿನಲ್ಲಿ ಅವಳ ಕೈ ಕಲ್ಲಿಗೆ ಅಂಟಲಿಲ್ಲ, ನಿರಪರಾಧಿ ಎಂದು ಎಲ್ಲರೂ ಜಯಕಾರ ಹಾಕಿದರು ಎಂದು ಬರೆದೆ. ಭಟ್ಟರಿಗೆ ಅದು ಹಿಡಿಸಲಿಲ್ಲ. "ಎಲ್ಲ ಕಲ್ಲೇ ಹೇಳುದಾದ್ರೆ ರಾಜ ಎಂತಕ್ಕೆ? ಕಲ್ಲಿಗೇ ಕಿರೀಟ ಇಡ್ಬಹುದಲ್ಲ," ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೌದಲ್ಲ, ಈ ರಾಜ ಒಂದು ದಿನವಾದರೂ ಯಾರನ್ನಾದರೂ ಏನಾಯಿತೆಂದು ಕೇಳಿದ್ದಾನಾ? ಹಕ್ಕಿಯ ಪಂಜರದ ಬಾಗಿಲು ಗಟ್ಟಿಯಿತ್ತೋ ಇಲ್ಲವೋ ಎಂದು ನೋಡಿದ್ದಾನಾ? ಬರೆದದ್ದನ್ನು ಹರಿದು ಹಾಕಿ ಹೊಸದಾಗಿ ಬರೆದೆ. ಹೆದರಿದ ಹೆಂಗಸಿನ ಸೊಂಟದಿಂದ ನೀರಿನ ಕೊಡ ಜಾರಿ ಕಲ್ಲಿನ ಮೇಲೆ ಬಿತ್ತು, ಕಲ್ಲು ಎರಡು ಹೋಳಾಯಿತು. ಇನ್ನು ರಾಜ ಬಾಯಿ ಬಿಟ್ಟು ಕೇಳಲೇಬೇಕು. ಕೇಳುವುದು ಹೇಗೆಂದು ಅವನಿಗೆ ಗೊತ್ತಿಲ್ಲ, ಕಲಿಸಬೇಕಾದವಳು ನಾನು.

ಹೀಗೆ ಕಾನೂನುಗಳು ಹುಟ್ಟಿದವು. ರಾಜ ನಿಂತಿರಬೇಕು, ಕಾಲು ನೋಯುತ್ತದೆಂದು ಬೇಗ ತೀರ್ಪು ಕೊಡುವ ಅವಸರ ಬಂದರೆ ನೋವು ತಡೆದುಕೊಳ್ಳಬೇಕು. ಆರೋಪಿ ಹೇಳಿದ್ದನ್ನು ರಾಜ ತನ್ನ ಬಾಯಿಂದ ತಿರುಗಿ ಹೇಳಬೇಕು, 'ಹೌದು, ನಾನು ಹೇಳಿದ್ದು ಇದನ್ನೇ' ಎಂದು ಆರೋಪಿ ಒಪ್ಪುವವರೆಗೆ ಮುಂದಿನ ಮಾತಿಲ್ಲ. ತೀರ್ಪು ತಪ್ಪಾದರೆ ರಾಜನೇ ಹೋಗಿ, ಗಡೀಪಾರಾದವರನ್ನು ಕರೆತರಬೇಕು. ಇದರ ಬಗ್ಗೆ ನಮ್ಮಿಬ್ಬರಿಗೆ ದೊಡ್ಡ ವಾದವಾಯಿತು. ಕುದುರೆಯ ಮೇಲೆ ಹೋಗಲಿ ಎಂದು ನಾನು, ನಡೆದೇ ಹೋಗಲಿ ಎಂದು ಭಟ್ಟರು. "ಕುದುರೆ ಮೇಲೆ ಹೋದ್ರೆ ಸವಾರಿ ಆಗ್ತದೆ," ಅಂದರು. ಭಟ್ಟರೇ ಗೆದ್ದರು.

ನಮ್ಮ ಕನ್ನಡ ಸಂಘ ಆಗ ಒಂದು ಕೈಬರಹದ ಪತ್ರಿಕೆ ತರುತ್ತಿತ್ತು. ಒಂದೇ ಪ್ರತಿ. ಬ್ಯಾಂಕಿನಲ್ಲಿದ್ದ ಒಬ್ಬರು ಮುತ್ತಿನಂಥ ಅಕ್ಷರದಲ್ಲಿ ಎಲ್ಲವನ್ನೂ ನಕಲು ಮಾಡಿ, ರೆಕ್ಸಿನ್ ಹೊದಿಕೆ ಹಾಕಿಸುತ್ತಿದ್ದರು. ಅದು ಅಹಮದಾಬಾದಿನ ಮನೆಮನೆ ಸುತ್ತಿ, ಯಾರದೋ ಕೈಯಲ್ಲಿ ವಡೋದರೆಗೆ ಹೋಗಿ, ಕೊಯಾಲಿಯ ರಿಫೈನರಿ ಕ್ವಾರ್ಟರ್ಸುಗಳಲ್ಲಿ ಓಡಾಡಿ, ಸೂರತ್ ಮುಟ್ಟಿ, ಮೂರು ತಿಂಗಳ ಮೇಲೆ ಅರಿಶಿನದ ಕಲೆಗಳೊಂದಿಗೆ ವಾಪಸು ಬರುತ್ತಿತ್ತು. ನನ್ನ ಕಂತುಗಳೂ ಅದರಲ್ಲಿ ಬರತೊಡಗಿದವು. ಇಲ್ಲೇ ಹುಟ್ಟಿದ ಹುಡುಗಿ ಕನ್ನಡದಲ್ಲಿ ಬರೆಯುತ್ತಾಳೆಂದು ಜನಕ್ಕೆ ಖುಷಿಯೋ ಖುಷಿ. ಅಪ್ಪ ಮಾತ್ರ ಒಂದು ಸಾಲನ್ನೂ ಓದಲಿಲ್ಲ. ಓದುವುದೆಂದರೆ ಅವರಿಗೆ ಊರಿನ ಪೇಪರು, ಅದರಲ್ಲೂ ನಿಧನರಾದವರ ಪುಟ.

ಇನ್ನು ನನ್ನ ಅಪರಾಧವನ್ನು ಹೇಳಬೇಕು. ಒಂದು ಕಂತಿನಲ್ಲಿ ರಾಜ ಹಾಸಿಗೆ ಹಿಡಿಯುತ್ತಾನೆ, ಯಾವ ವೈದ್ಯನಿಂದಲೂ ಗುಣವಾಗುವುದಿಲ್ಲ, ಅರಮನೆಯ ಮುದಿ ಅಡಿಗೆಯವನು ಒಂದು ಸಾರು ಮಾಡಿ ಕುಡಿಸಿ ಬದುಕಿಸುತ್ತಾನೆ. ಅಡಿಗೆಯವನು ಅಂದರೆ ನಮ್ಮ ಭಟ್ಟರೇ. ಅವರಿಗೆ ಆಶ್ಚರ್ಯವಾಗಲಿ ಎಂದು ಆ ಕಂತನ್ನು ಮಾತ್ರ ಅವರಿಗೆ ತೋರಿಸದೆ ಕೊಟ್ಟೆ. ಮದ್ದು ನಿಜವೆನಿಸಬೇಕಲ್ಲ? ಅದಕ್ಕೆ, ಭಟ್ಟರು ತಿಂಗಳಿಗೆರಡು ಸಲ ಸಾಂಬಾರು ಪುಡಿ ಹುರಿಯುವಾಗ ಬಾಯಲ್ಲಿ ಲೆಕ್ಕ ಹೇಳಿಕೊಳ್ಳುತ್ತಿದ್ದರಲ್ಲ, ಅದನ್ನೇ ಇಳಿಸಿಬಿಟ್ಟೆ. ಕೊತ್ತಂಬರಿ ಎಷ್ಟು ಸೇರು, ಮೆಂತ್ಯ ಎಷ್ಟು ಹಿಡಿ, ಯಾವುದು ಮೊದಲು ಬಾಣಲೆಗೆ, ಯಾವುದು ಬೆಂಕಿ ಆರಿದ ಮೇಲೆ. ಒಣಗಿಸಿದ ಪುನರ್ಪುಳಿ ಸಿಪ್ಪೆಯನ್ನು ಕುಟ್ಟಿ ಪುಡಿಗೆ ಬೆರೆಸುವುದನ್ನೂ ಬಿಡಲಿಲ್ಲ. ಇಲ್ಲಿನವರು ದಾಲ್‌ಗೆ ಪುನರ್ಪುಳಿಯನ್ನೇ ಹಾಕುವುದು, ಕೋಕಮ್ ಎನ್ನುತ್ತಾರೆ. ಹಾಗಾಗಿ ನಮ್ಮ ಸಾಂಬಾರು ಅವರ ನಾಲಗೆಗೆ ಹೊಂದಿತ್ತು, ಯಾಕೆಂದು ಅವರಿಗೇ ಗೊತ್ತಿರಲಿಲ್ಲ. ನಮ್ಮ ಹೋಟೆಲಿನ ಗುಟ್ಟು ಅದೊಂದೇ. ಕಥೆಯಲ್ಲಿ ಅದು ನಾಗಲೋಕದ ಹುಳಿ ಆಯಿತು. ಆದರೆ ಬಣ್ಣ, ಆಕಾರ, ಒಣಗಿಸುವ ವಿಧಾನ ಎಲ್ಲ ಬರೆದಿದ್ದೆ. ನಮ್ಮೂರಿನವರಿಗೆ ಅಷ್ಟು ಸಾಲದೇ?

ಪತ್ರಿಕೆ ನಮ್ಮ ಮನೆಗೆ ಬಂದಾಗ ಭಟ್ಟರು ಅದನ್ನು ಓದಿದರು. ಪುಟ ಹಿಂದೆ ತಿರುಗಿಸಿ ಇನ್ನೊಮ್ಮೆ ಓದಿದರು. ಆಮೇಲೆ "ಚಂದ ಬರ್ದಿದ್ದಿ," ಅಂದರು. ಅವರನ್ನೇ ಕಥೆಗೆ ತಂದದ್ದು ಅಷ್ಟು ಹಿಡಿಸಿರಬೇಕು ಎಂದುಕೊಂಡು ನಾನು ಬೀಗಿದೆ. ನಾನು ಏನು ಮಾಡಿದ್ದೆನೆಂದು ಆಗ ನನಗೆ ಹೊಳೆಯಲಿಲ್ಲ.

ಕೆಲವು ತಿಂಗಳಲ್ಲಿ ರೈಲ್ವೆ ಗೇಟಿನ ಆಚೆ ಇನ್ನೊಂದು ಹೋಟೆಲು ಬಂತು. ಕುಂದಾಪುರ ಕಡೆಯವರು, ಸಂಘದ ಸದಸ್ಯರೇ. ಅಪ್ಪ ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ದಿನಾ ಬರುವ ಗುಜರಾತಿ ಮುದುಕರೊಬ್ಬರು ಒಂದು ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತ, "ಶೇಠ್, ತಮಾರೋ ಸಾಂಭಾರ್ ತ್ಯಾಂ ಪಣ್ ಮಳೇ ಛೇ," ಅಂದರು. ನಿಮ್ಮ ಸಾಂಬಾರು ಅಲ್ಲೂ ಸಿಗುತ್ತದೆ ಎಂದು. ಅಪ್ಪ ಮಾರನೆಯ ದಿನವೇ ಡಬ್ಬದಲ್ಲಿ ಆ ಸಾಂಬಾರು ತರಿಸಿದರು. ಒಂದು ಚಮಚ ಬಾಯಿಗೆ ಹಾಕಿಕೊಂಡರು, ಮುಖ ಕಪ್ಪಿಟ್ಟಿತು.

ಅವತ್ತು ಮೂರು ಗಂಟೆಗೆ ಹೋಟೆಲಿನ ಬಾಗಿಲು ಅರ್ಧ ಮುಚ್ಚಿತು. ಎಲ್ಲರನ್ನೂ ಗಲ್ಲಾದ ಮುಂದೆ ಸಾಲಾಗಿ ನಿಲ್ಲಿಸಿದರು. ಹೇಳಬೇಕಾದ ಮಾತನ್ನು ಅಪ್ಪನೇ ಹೇಳಿಕೊಟ್ಟರು. "ಪುಡಿಯ ಲೆಕ್ಕ ನಾನು ಕೊಡ್ಲಿಲ್ಲ, ಕೊಟ್ಟವ್ರು ಯಾರಂತ ನಂಗೆ ಗೊತ್ತಿಲ್ಲ. ಇಷ್ಟು ಹೇಳಿ, ಪಟ ಮುಟ್ಟಿ." ದೋಸೆ ಹಾಕುವವರು, ಚಟ್ನಿ ರುಬ್ಬುವವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲರೂ ಸ್ಟೂಲು ಹತ್ತಿ ಪಟ ಮುಟ್ಟಿ ಹೇಳಿದರು. ಲೆಕ್ಕ ಗೊತ್ತೇ ಇಲ್ಲದವರಿಗೆ ಏನು ಭಯ? ಕೊನೆಗೆ ಭಟ್ಟರ ಸರದಿ. ಅವರು ಹೆಗಲ ಮೇಲಿನ ಬೈರಾಸಿನಲ್ಲಿ ಎರಡೂ ಕೈ ಒರೆಸಿಕೊಂಡು ಸ್ಟೂಲಿನ ತನಕ ಬಂದರು. ಹತ್ತಲಿಲ್ಲ.

"ನಾನು ಆಣೆ ಹಾಕುದಿಲ್ಲ ಧನಿಗಳೇ," ಅಂದರು.

"ಯಾಕೆ?"

"ಹಾಕುದಿಲ್ಲ, ಅಷ್ಟೇ. ನಿಮ್ಮ ಅನ್ನ ತಿಂದು ನಿಮಗೆ ಕೆಟ್ಟದ್ದು ಬಯಸ್ಲಿಲ್ಲ ನಾನು."

ಸತ್ಯವಾದರೂ ದೇವರ ಮೇಲೆ ಆಣೆ ಹಾಕಬಾರದು ಎಂಬ ನಿಷ್ಠೆ ನಮ್ಮ ಕಡೆ ಕೆಲವು ಮನೆತನಗಳಲ್ಲಿ ಉಂಟು. ಅಮ್ಮ ಮೆಟ್ಟಿಲ ಮೇಲೆ ನಿಂತು ಅದನ್ನೇ ಹೇಳಿದರು, "ಕೆಲವ್ರು ಹಾಕುದಿಲ್ಲ, ಬಿಡಿ." ಅಪ್ಪ ಕೇಳಿಸಿಕೊಳ್ಳಲಿಲ್ಲ. ಹೋಟೆಲು ಹುಟ್ಟಿದ ದಿನದಿಂದ ಇದ್ದ ಮನುಷ್ಯನಿಗೆ, ಕುರ್ಚಿಯಲ್ಲಿ ಕೂತೇ, "ಹಾಗಾದ್ರೆ ನಿಮ್ಮ ದಾರಿ ನೀವು ನೋಡಿಕೊಳ್ಳಿ," ಅಂದರು. ನಿಮಗೆ ಯಾರ ಮೇಲಾದರೂ ಅನುಮಾನವಿದೆಯಾ, ಪುಡಿ ಹುರಿಯುವಾಗ ಅಲ್ಲಿ ಯಾರು ಬಂದುಹೋಗುತ್ತಾರೆ, ಆಚೆಯವರ ಕೈಗೆ ಅದು ಹೇಗೆ ಹೋಗಿರಬಹುದು, ಒಂದೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ದೂರವಿರಲಿಲ್ಲ, ನನ್ನ ಮೇಜು ಅಲ್ಲಿಂದ ಎರಡೇ ಮಾರು.

ಭಟ್ಟರು ಸಂಜೆಯ ಗಾಡಿಗೆ ಹೊರಟರು. ಸೂರತ್ತಿನಲ್ಲಿ ಮದುವೆ-ಮುಂಜಿಗಳ ಅಡಿಗೆ ಕಂಟ್ರಾಕ್ಟು ಹಿಡಿಯುವ ಪರಿಚಯದವರಿದ್ದಾರೆ, ಅಲ್ಲಿ ನೋಡುತ್ತೇನೆ ಎಂದು ಅಮ್ಮನಿಗೆ ಹೇಳಿದರು. ನಾನು ಅಳುತ್ತ ಬಾಗಿಲವರೆಗೆ ಹೋದೆ. ನನ್ನ ತಲೆ ನೇವರಿಸಿ, "ಮುಂದಿನ ಕಂತು ನಿಲ್ಲಿಸ್ಬೇಡ," ಅಂದರು. ಆ ಹೊತ್ತಿನಲ್ಲಿ ಇವರಿಗೆ ಕಂತಿನ ಚಿಂತೆಯಾ ಎಂದು ನನಗೆ ಅವರ ಮೇಲೂ ಸಿಟ್ಟು ಬಂತು.

ಮುಂದಿನ ಕಂತನ್ನು ಹಲ್ಲು ಕಚ್ಚಿಕೊಂಡು ಬರೆದೆ. ಗುಣವಾದ ರಾಜ ಮರಳಿ ಸಿಂಹಾಸನದಲ್ಲಿ ಕೂರುತ್ತಾನೆ. ನಿಂತು ಕೇಳುವ ಕಾನೂನನ್ನು ರದ್ದು ಮಾಡುತ್ತಾನೆ. ಒಡೆದ ಕಲ್ಲನ್ನು ತಂತಿ ಸುತ್ತಿ ಜೋಡಿಸಿ, ತನ್ನನ್ನು ಬದುಕಿಸಿದ ಅಡಿಗೆಯವನನ್ನೇ ಅದರ ಮುಂದೆ ನಿಲ್ಲಿಸಿ, ಒಂದು ಪ್ರಶ್ನೆಯನ್ನೂ ಕೇಳದೆ ಗಡೀಪಾರು ಮಾಡುತ್ತಾನೆ. ರಾಜನಿಗೆ ಅಪ್ಪನ ಮೀಸೆ ಕೊಟ್ಟೆ, ಅಪ್ಪನ ಕೆಮ್ಮು ಕೊಟ್ಟೆ, ಕೋಪ ಬಂದಾಗ ಎಡಗೈಯ ಉಂಗುರ ತಿರುಗಿಸುವ ಚಾಳಿಯನ್ನೂ ಕೊಟ್ಟೆ. ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾದರೆ ಮನೆಯ ವಿಳಾಸವನ್ನೇ ಬರೆಯಬೇಕಿತ್ತು.

ಸಂಘದವರು ಅದನ್ನು ರಾಜ್ಯೋತ್ಸವದ ದಿನ ವೇದಿಕೆಯಿಂದ ಓದಿಸಿದರು. ನಾನೇ ಓದಿದೆ. ಅಪ್ಪ ಮೊದಲ ಸಾಲಿನಲ್ಲಿ ಕೂತಿದ್ದರು. ಗಡೀಪಾರಿನ ಸಾಲು ಓದುವಾಗ ಅವರ ಮುಖವನ್ನೇ ನೋಡುತ್ತ ಓದಿದೆ. ಈಗ ತಲೆ ತಗ್ಗಿಸುತ್ತಾರೆ, ಈಗ ಎದ್ದು ಹೋಗುತ್ತಾರೆ ಎಂದು ಕಾದೆ. ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಕೆಳಗಿಳಿದು ಬಂದಾಗ ನನ್ನ ಬೆನ್ನು ತಟ್ಟಿ, "ಆ ರಾಜ ಎಂಥ ಮನುಷ್ಯ ಮಾರಾಯ್ತಿ, ಒಂದು ಮಾತು ಕೇಳ್ಲಿಕ್ಕೆ ಎಂತ ಧಾಡಿ ಅವ್ನಿಗೆ?" ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಉಂಗುರ ತಿರುಗಿಸುತ್ತಲೇ ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಗೇಟಿನಾಚೆಯ ಹೋಟೆಲಿನವರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡರು. ಒಳ್ಳೆಯ ಹೆಂಗಸು, ಕಪಟವಿಲ್ಲದ ಮಾತು. "ನಿನ್ನ ಕಥೆ ಅಂದ್ರೆ ನಮ್ಮನೆಯವ್ರಿಗೆ ಜೀವ. ಆ ಮದ್ದಿನ ಕಂತು ಉಂಟಲ್ಲ, ಅದ್ರ ಲೆಕ್ಕವನ್ನ ಚೀಟಿಯಲ್ಲಿ ಬರ್ಕೊಂಡು ಮಾಡಿ ನೋಡಿದ್ರು. ಸಾಂಬಾರಿಗೆ ಪುನರ್ಪುಳಿ ಹಾಕುದು ನಮಗೆ ಯಾರಿಗೂ ಹೊಳೆದೇ ಇರ್ಲಿಲ್ಲ ನೋಡು," ಅಂದು ನಕ್ಕರು. ನಾನೂ ನಕ್ಕಿರಬೇಕು, ನೆನಪಿಲ್ಲ. ಇಡೀ ಸಭೆಯ ಮುಂದೆ ಅಪ್ಪನ ಅನ್ಯಾಯವನ್ನು ಓದಿ ಬಂದವಳು ನಾನು. ಭಟ್ಟರ ಅನ್ನಕ್ಕೆ ಮಣ್ಣು ಹಾಕಿದವಳೂ ನಾನೇ.

ಮರುದಿನ ಶಾಲೆಗೆ ಹೋಗಲಿಲ್ಲ. ಮೂರು ಗಂಟೆಯಾಗಲು ಕಾದು ಗಲ್ಲಾದ ಮುಂದೆ ಹೋಗಿ ನಿಂತೆ, ಕೆಲಸದವರು ನಿಲ್ಲುವ ಜಾಗದಲ್ಲೇ. ನನ್ನ ನೋಟುಪುಸ್ತಕದಲ್ಲಿ ಆ ಕಂತಿನ ಪುಟವನ್ನು ಗಲ್ಲಾದ ಮೇಲೆ ತೆರೆದಿಟ್ಟು ಎಲ್ಲ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು, ಮೊತ್ತಮೊದಲ ಬಾರಿಗೆ, ನಾನು ಬರೆದದ್ದನ್ನು ಓದಿದರು. ಬೆರಳಿಟ್ಟು ಪ್ರತಿಯೊಂದು ಅಳತೆಯನ್ನೂ ನೋಡಿದರು. ಪಟ ಮುಟ್ಟಲು ನಾನು ತಯಾರಾಗಿದ್ದೆ. ಹೊಡೆತಕ್ಕೂ ತಯಾರಾಗಿದ್ದೆ.

ಅಪ್ಪ ನಕ್ಕರು. ಹೊಟ್ಟೆ ಕುಲುಕಿಸಿ ನಕ್ಕರು. "ನಾಗಲೋಕದ ಹುಳಿಯಂತೆ," ಎಂದು ಅಮ್ಮನನ್ನು ಕೂಗಿ ಕರೆದು ತೋರಿಸಿದರು. ಸಂಜೆಯೊಳಗೆ ಊರಿನ ಕಡೆಯ ನಾಲ್ಕು ಗಿರಾಕಿಗಳಿಗೆ, "ನಮ್ಮ ಮಗಳು ಸಾಂಬಾರನ್ನೂ ಬಿಡ್ಲಿಲ್ಲ, ಕಥೆ ಮಾಡಿಬಿಟ್ಲು," ಎಂದು ಹೇಳಿಯಾಗಿತ್ತು. ಭಟ್ಟರು ಮಾಡಿದ್ದಾರೆಂದಾಗ ಅದು ಉಂಡ ಮನೆಗೆ ಎರಡು ಬಗೆದದ್ದು. ಮಗಳು ಮಾಡಿದರೆ ಮಕ್ಕಳಾಟಿಕೆ. ಅದೇ ಪುಡಿ, ಅದೇ ಲೆಕ್ಕ, ಅದೇ ನಷ್ಟ. ಬೈಗುಳಕ್ಕಿಂತ ಆ ನಗು ನನ್ನನ್ನು ಹೆಚ್ಚು ಸುಟ್ಟಿತು. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

"ಹಾಗಾದರೆ ಭಟ್ಟರನ್ನು ಕರೆಸಿ," ಎಂದೆ.

ನಗು ನಿಂತಿತು. "ಅದೆಲ್ಲ ನಿಂಗೆ ಗೊತ್ತಾಗುದಿಲ್ಲ."

"ಯಾಕೆ? ತಪ್ಪು ಅವರದ್ದಲ್ಲವಲ್ಲ."

"ಅಲ್ಲ ಅಂತ ನಂಗೂ ಗೊತ್ತಾಯ್ತು. ಆದ್ರೆ ಕರೆಸಿದ್ರೆ ಎಂತಾಗ್ತದೆ? ಧನಿಗಳದ್ದೇ ತಪ್ಪು ಅಂತ ಒಳಗೆ ಹನ್ನೆರಡು ಜನ ಮಾತಾಡ್ತಾರೆ. ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ ಹೇಳು. ಹೋಟೆಲು ನಡಿಬೇಕಲ್ಲ?" ಸ್ವಲ್ಪ ಮೆತ್ತಗಾಗಿ, "ಅವ್ರಿಗೆ ಅಲ್ಲಿ ಕೆಲಸ ಸಿಕ್ಕಿದೆಯಂತೆ, ಆರಾಮಿದ್ದಾರಂತೆ. ನೀನು ಹೋಗು, ಒಂದು ಬಾದಾಮ್ ಹಾಲು ಕುಡಿ," ಅಂದರು.

ನನಗೆ ಶಿಕ್ಷೆ ಕೊಡಿ ಎಂದು ಕೇಳಿದರೆ ಬಾದಾಮ್ ಹಾಲು ಸಿಕ್ಕಿತು. ಕುಡಿಯಲಿಲ್ಲ. ಮಹಡಿಗೆ ಹೋಗಿ, ಕಂತುಗಳನ್ನು ಬರೆದಿಟ್ಟಿದ್ದ ನೋಟುಪುಸ್ತಕವನ್ನು ಅಟ್ಟದ ಮೇಲೆ ಹಳೆಯ ಇಡ್ಲಿ ತಟ್ಟೆಗಳ ಅಡಿಗೆ ತುರುಕಿದೆ. ಯಾರೂ ಶಿಕ್ಷೆ ಕೊಡದಿದ್ದರೆ ನಾನೇ ಕೊಟ್ಟುಕೊಳ್ಳುತ್ತೇನೆ, ಇನ್ನು ಮುಂದೆ ಬರೆಯುವುದಿಲ್ಲ ಎಂದು ತೀರ್ಮಾನಿಸಿದೆ. ಈ ಇಡೀ ಪ್ರಕರಣದಲ್ಲಿ ನ್ಯಾಯವಾದ ತೀರ್ಪು ಅದೊಂದೇ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಸಂಘದವರು ಕಂತು ಕೇಳಿ ಎರಡು ಸಲ ಮನೆಗೆ ಬಂದರು. ಓದು ಜಾಸ್ತಿಯಾಗಿದೆ ಎಂದು ಹೇಳಿ ಕಳಿಸಿದೆ. ಅಪ್ಪನ ಜೊತೆ ಬೇಕಾದಷ್ಟೇ ಮಾತು. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಒಂದು ವರ್ಷದ ಮೇಲೆ ಸೂರತ್ತಿನಲ್ಲಿ ಅಮ್ಮನ ಸಂಬಂಧಿಕರ ಗೃಹಪ್ರವೇಶ ಬಂತು. ಅಡಾಜಣ್‌ನಲ್ಲಿ ಹೊಸ ಅಪಾರ್ಟ್‌ಮೆಂಟು. ಊಟದ ಏರ್ಪಾಡು ಕೆಳಗೆ ಪಾರ್ಕಿಂಗಿನಲ್ಲಿ, ತಗಡು ಮರೆ ಮಾಡಿ ಒಲೆ ಹೂಡಿದ್ದರು. ನೀರು ಕುಡಿಯಲು ಅತ್ತ ಹೋದವಳು ನಿಂತುಬಿಟ್ಟೆ. ಗೋಣಿಯ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದವರು ಭಟ್ಟರು. ಒಲೆಯ ಮುಂದೆ ಯಾರೋ ಮೂವತ್ತರ ಮನುಷ್ಯ ಸಟ್ಟುಗ ಹಿಡಿದು ನಿಂತು, "ಬೇಗ ಬೇಗ ಹೆಚ್ಚಿ ಅಜ್ಜ," ಎಂದು ಅವಸರ ಮಾಡುತ್ತಿದ್ದ. ಇಪ್ಪತ್ತು ವರ್ಷ ಒಂದು ಅಡಿಗೆಮನೆಯನ್ನು ನಡೆಸಿದವರನ್ನು ಈಗ ಒಲೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಇದಕ್ಕೆ ಅಪ್ಪ ಆರಾಮ ಎಂದಿದ್ದರು.

ನನ್ನನ್ನು ನೋಡಿ ಅವರ ಮುಖ ಅರಳಿತು. ನಾನು ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಮದ್ದು, ಚೀಟಿ, ಅಪ್ಪನ ನಗು. ಅವರು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತು ಮಗಾ," ಅಂದರು.

"ಯಾವಾಗ?"

"ಪತ್ರಿಕೆ ಬಂದ ದಿನವೇ. ಓದಿದ ಕೂಡ್ಲೇ ಅದು ನಮ್ಮ ಪುಡಿಯ ಲೆಕ್ಕ ಅಂತ ಗೊತ್ತಾಯ್ತು. ಕಥೆಯಲ್ಲಿ ಯಾರು ನೋಡ್ತಾರೆ ಅಂತ ಸುಮ್ಮನಾದೆ. ನೋಡಿದ್ರು."

"ಅವತ್ತು ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಅವತ್ತು ನಿನ್ನಪ್ಪ ನಗ್ತಿರ್ಲಿಲ್ಲ. ಅವ್ರ ಮುಖ ನೋಡಿದ್ದೆ ನಾನು. ಹೇಳಿದ್ರೆ ನಿನ್ನ ಪುಸ್ತಕವನ್ನ ಒಲೆಗೆ ಹಾಕ್ತಿದ್ರು. ಮತ್ತೆ ಈ ಜನ್ಮದಲ್ಲಿ ಪೆನ್ನು ಹಿಡಿಲಿಕ್ಕೆ ಬಿಡ್ತಿರ್ಲಿಲ್ಲ. ಪಟ ಮುಟ್ಟಿ, ಕೊಟ್ಟವ್ರು ಯಾರಂತ ಗೊತ್ತಿಲ್ಲ ಅನ್ಬೇಕಿತ್ತಲ್ಲ, ಅದು ನನ್ನಿಂದ ಆಗ್ಲಿಲ್ಲ. ಗೊತ್ತಿತ್ತಲ್ಲ ನಂಗೆ."

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಇವರೂ ಹಾಗೇ. ನನ್ನ ತಪ್ಪು, ನನ್ನ ಕಥೆ, ನನ್ನ ಅಪ್ಪ. ನನ್ನನ್ನು ಒಂದು ಮಾತು ಕೇಳದೆ ಇವರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. "ನನ್ನನ್ನು ಕೇಳಬೇಕಿತ್ತು," ಎಂದೆ. "ನಾನು ಹೇಳುತ್ತಿದ್ದೆ. ಪುಸ್ತಕ ಸುಟ್ಟರೆ ಸುಡಲಿ ಎನ್ನುತ್ತಿದ್ದೆ. ನೀವು ಯಾಕೆ ಕೇಳಲಿಲ್ಲ?"

ಭಟ್ಟರು ನನ್ನನ್ನು ನೋಡಿದರು. "ಅದು ಹೌದು," ಅಂದರು. "ಕೇಳ್ಬೇಕಿತ್ತು. ನಂದು ತಪ್ಪು." ನನ್ನ ಬಾಲ್ಯದ ದೊಡ್ಡವರಲ್ಲಿ ಈ ಮಾತನ್ನು ಹೇಳಿದವರು ಅವರೊಬ್ಬರೇ. ನನ್ನ ಸಿಟ್ಟು ಅಲ್ಲಿಗೆ ಇಳಿಯಬೇಕಾಗಿತ್ತು, ಅರ್ಧ ಇಳಿಯಿತು.

ಆಮೇಲೆ ಅವರು ಹೊಸದೊಂದು ಹೋಳು ಕೈಗೆತ್ತಿಕೊಂಡು, "ಪತ್ರಿಕೆ ಇಲ್ಲಿಗೂ ಬರ್ತದೆ ಮಗಾ. ಕಂಟ್ರಾಕ್ಟಿನವ್ರ ಮನೆಯಲ್ಲಿ ಕೇಳಿ ತಗೊಂಡು ಓದ್ತೇನೆ. ರಾಜ ಗಡೀಪಾರು ಮಾಡಿದ ಕಂತು ಓದಿದೆ. ಅಡಿಗೆಯವ ವಾಪಸು ಬರ್ತಾನಾ ಅಂತ ಆಮೇಲಿನ ಎರಡು ಸಂಚಿಕೆ ತಿರುಗಿಸಿದೆ, ನಿಂದು ಇಲ್ಲ. ಪರೀಕ್ಷೆಯಾ?" ಅಂದರು.

"ನಾನು ಬರೆಯುವುದನ್ನು ಬಿಟ್ಟೆ," ಎಂದೆ. ತಲೆ ಎತ್ತಿಯೇ ಹೇಳಿದೆ. "ನಿಮಗೆ ಹೀಗೆ ಮಾಡಿದ್ದಕ್ಕೆ ಅದು ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆ." ಅವರು ಮೆಚ್ಚುತ್ತಾರೆ ಎಂದುಕೊಂಡಿದ್ದೆ.

ಅವರ ಕೈ ನಿಂತಿತು. ಕತ್ತಿಯನ್ನು ಗೋಣಿಯ ಮೇಲೆ ಇಟ್ಟರು. ಹೋಟೆಲಿನಲ್ಲಿ ಅಷ್ಟು ವರ್ಷ ಅವರು ಒಮ್ಮೆಯೂ ನನ್ನ ಮೇಲೆ ಸ್ವರ ಏರಿಸಿರಲಿಲ್ಲ. ಆವತ್ತು ಏರಿಸಿದರು.

"ಬಿಟ್ಟೆಯಾ? ಹಾಗಾದ್ರೆ ನಾನು ಬಿಟ್ಟು ಬಂದದ್ದು ಎಂತಕ್ಕೆ?"

ಒಲೆಯ ಕಡೆಯಿಂದ ಮತ್ತೆ ಕೂಗು ಬಂತು. ಅವರು ಹೆಚ್ಚಿದ ಹೋಳುಗಳನ್ನು ಬುಟ್ಟಿಗೆ ತುಂಬಿಕೊಂಡು, ಮೊಣಕಾಲಿಗೆ ಕೈ ಊರಿ ಎದ್ದು, ನನ್ನ ಕಡೆ ನೋಡದೆ ಹೋದರು. ನಾನು ಅಲ್ಲೇ ಕುಂಬಳಕಾಯಿಯ ಸಿಪ್ಪೆಗಳ ನಡುವೆ ಕೂತಿದ್ದೆ. ನನ್ನ ಆ ತೀರ್ಪನ್ನು ಕೊಡುವಾಗ ನಾನೂ ಅವರನ್ನು ಒಂದು ಮಾತು ಕೇಳಿರಲಿಲ್ಲ.